ಮಂದಾಕಿನಿ ಮುಚ್ಚಿಟ್ಟ ಏದುಸಿರು

ಕೇರಳದ ಆಲುವದ ಆ ಬಾಡಿಗೆ ಮನೆಯಲ್ಲಿ ಬಟ್ಟೆ ಒಣಹಾಕಬೇಕೆಂದರೆ ತಾರಸಿಗೇ ಹೋಗಬೇಕು. ಇಪ್ಪತ್ತೆರಡು ಮೆಟ್ಟಿಲು. ಹನ್ನೊಂದು ಮುಗಿದಲ್ಲಿ ಒಂದು ತಿರುವು. ಆ ತಿರುವಿನಲ್ಲಿ ಮಂದಾಕಿನಿ ಒಂದು ಕರಿಬೇವಿನ ಕುಂಡ ಇಟ್ಟಿದ್ದಳು. ಬಿಸಿಲು ಬೀಳದ ಜಾಗ, ಗಿಡ ಮೊಳಕಾಲೆತ್ತರ ದಾಟಲೇ ಇಲ್ಲ. ಆದರೂ ಕುಂಡವನ್ನು ಅಲ್ಲಿಂದ ಎತ್ತಲು ಅವಳು ಬಿಡುತ್ತಿರಲಿಲ್ಲ. ಒದ್ದೆ ಬಟ್ಟೆಯ ಬಕೆಟ್ಟು ಹಿಡಿದು ಹತ್ತುವಾಗ ಅಲ್ಲಿ ನಿಲ್ಲುವಳು, ಬಕೆಟ್ಟು ಕೆಳಗಿಡುವಳು, ಒಂದೊಂದೇ ಎಲೆ ತಿರುಗಿಸಿ ಹುಳ ಬಿದ್ದಿದೆಯೇ ಎಂದು ನೋಡುವಳು. ಹುಳ ಇರುತ್ತಿರಲಿಲ್ಲ. ಕಿವಿಯಲ್ಲಿ ಕೇಳುವ ಎದೆಬಡಿತ ಇಳಿಯುವ ತನಕ ಅವಳು ನೋಡುತ್ತಲೇ ಇರುವಳು. ಕೆಳಗಿನ ಮನೆಯಲ್ಲಿದ್ದ ಮಾಲೀಕ ವಿನ್ಸೆಂಟ್, ಮೇಲಿನ ಮನೆಯ ಚೇಚಿ, ಅಂದರೆ ಅಕ್ಕ, ಗಿಡದ ಜೊತೆ ಮಾತಾಡುತ್ತಾಳೆ ಎಂದು ಬಂದವರಿಗೆಲ್ಲ ಮೆಚ್ಚಿಕೆಯಿಂದ ಹೇಳುತ್ತಿದ್ದ.

ಇಂಥವು ಅವಳ ಹತ್ತಿರ ಇನ್ನೂ ಇದ್ದವು. ಗಂಡ ಓಂಕಾರಪ್ಪನಿಗೆ ವಾರಕ್ಕೆ ಮೂರು ದಿನ ಜೋಳದ ರೊಟ್ಟಿ ಆಗಬೇಕು. ಹಿಟ್ಟು ಹರಿಹರದಿಂದ ಬರುತ್ತಿತ್ತು. ರೊಟ್ಟಿ ಬಡಿಯುವಾಗ ಮೂರನೆಯದಕ್ಕೇ ಉಸಿರು ಸಾಲದಾದಾಗ ಅಡುಗೆ ಕಟ್ಟೆಯ ಮುಂದೆ ಎತ್ತರದ ಸ್ಟೂಲು ಬಂತು. ಮೊಣಕಾಲು ನೋವು ಎಂದಳು. ಇಡೀ ಮನೆಯ ನೆಲ ಒಂದೇ ದಿನ ಒರೆಸುವುದು ಬಿಟ್ಟು ಇವತ್ತು ಒಳಗಿನದು, ನಾಳೆ ಹಾಲಿನದು ಎಂದು ಹಂಚಿಕೊಂಡಳು. ಮಿಕ್ಸಿ ತಿರುಗುವಾಗ ಗೋಡೆಗೆ ಒರಗುವಳು, ಅದರ ಸದ್ದಿನಲ್ಲಿ ತನ್ನ ಏದುಸಿರು ಯಾರಿಗೂ ಕೇಳುವುದಿಲ್ಲ. ರೈಲ್ವೆ ಸ್ಟೇಷನ್ನಿನ ಮೇಲ್ಸೇತುವೆ ಹತ್ತುವಾಗ ಚಪ್ಪಲಿ ಸರಿ ಮಾಡಿಕೊಳ್ಳಲು ಬಗ್ಗುವಳು, ನೀವು ಮುಂದೆ ನಡೀರಿ ಎನ್ನುವಳು. ಒಂದು ದಿಂಬು ಎರಡಾಯಿತು, ಎರಡು ಮೂರಾಯಿತು. ಚಪ್ಪಟೆಯಾಗಿ ಮಲಗಿದರೆ ಎದೆಯ ಮೇಲೆ ಯಾರೋ ಕೂತ ಹಾಗೆ. ಇಷ್ಟಾಗಿಯೂ ಬೆಳಗಿನ ಎಂಟರ ಪ್ಯಾಸೆಂಜರಿಗೆ ಓಂಕಾರಪ್ಪನ ಬುತ್ತಿ ತಪ್ಪಲಿಲ್ಲ, ಮಗಳು ತನುಶ್ರೀಯ ಯೂನಿಫಾರ್ಮಿನ ಇಸ್ತ್ರಿ ತಪ್ಪಲಿಲ್ಲ. ಹಾಗಾಗಿ ಯಾರಿಗೂ ಏನೂ ಗೊತ್ತಾಗಲಿಲ್ಲ.

ಅವಳಿಗೆ ಗೊತ್ತಿತ್ತು. ಹನ್ನೊಂದನೇ ವಯಸ್ಸಿನಲ್ಲಿ, ಹರಿಹರದಲ್ಲಿ, ಗಂಟಲು ನೋವಾಗಿ ಜ್ವರ ಬಂದು ಮೊಣಕಾಲು, ಮಣಿಕಟ್ಟು ಒಂದಾದ ಮೇಲೊಂದು ಊದಿಕೊಂಡಿದ್ದವು. ಸರ್ಕಾರಿ ಆಸ್ಪತ್ರೆಯ ಡಾಕ್ಟರು ಎದೆಯ ಮೇಲೆ ಕೊಳವೆ ಇಟ್ಟು ಬಹಳ ಹೊತ್ತು ಕೇಳಿ, ಈ ಜ್ವರ ಹೃದಯಕ್ಕೆ ಹೋಗುತ್ತದೆ, ಇಪ್ಪತ್ತೈದು ವರ್ಷ ಆಗುವ ತನಕ ಮೂರು ವಾರಕ್ಕೊಂದು ಪೆನಿಸಿಲಿನ್ ಚುಚ್ಚಿಸಲೇಬೇಕು ಎಂದಿದ್ದರು. ಅಪ್ಪ ಸೈಕಲ್ಲಿನಲ್ಲಿ ಕೂರಿಸಿಕೊಂಡು ಹೋಗುವನು, ಕಾಂಪೌಂಡರ್ ಹಾಲಪ್ಪ ಸೂಜಿ ಚುಚ್ಚುವನು, ಎರಡು ದಿನ ಕುಂಟುವಳು. ಹನ್ನೊಂದು ವರ್ಷ ಒಂದೂ ತಪ್ಪಿಸಲಿಲ್ಲ. ಇಪ್ಪತ್ತೆರಡಕ್ಕೆ ಬ್ಯಾಂಕಿನ ಗಂಡು ಬಂತು. ನಿಶ್ಚಿತಾರ್ಥದ ಮಾರನೇ ದಿನ ಅವ್ವ ಸೂಜಿಯ ಚೀಟಿಯನ್ನು ಒಲೆಗೆ ಹಾಕಿದಳು. ತಿಂಗಳು ತಿಂಗಳು ಸೊಸೆಗೆ ಯಾವ ಸೂಜಿ ಎಂದು ಅತ್ತೆ ಮನೆಯವರು ಕೇಳಿದರೆ ಏನು ಹೇಳುತ್ತೀ ಎಂದು ಕೇಳಿದಳು. ಇನ್ನು ಮೂರು ವರ್ಷದ ಸೂಜಿ ಬಾಕಿ ಇತ್ತು. ಅದನ್ನು ಹಾಕಿಸಿಕೊಳ್ಳದೆ ಅವಳು ಹಾರ ಹಾಕಿಸಿಕೊಂಡಳು.

ಬಯಲಾದದ್ದು ಎರಡು ಸಾವಿರದ ಆರನೇ ಇಸವಿಯ ನವೆಂಬರಿನಲ್ಲಿ. ಒಂದು ಬೆಳಿಗ್ಗೆ ಕೆಮ್ಮಿದಾಗ ವಾಷ್ ಬೇಸಿನ್ನಿನಲ್ಲಿ ರಕ್ತದ ಗೆರೆ ಕಂಡಿತು. ನಲ್ಲಿ ತಿರುಗಿಸಿ ತೊಳೆಯುವಷ್ಟರಲ್ಲಿ ತನುಶ್ರೀ ನೋಡಿಬಿಟ್ಟಿದ್ದಳು. ಹದಿನೇಳರ ಹುಡುಗಿ, ಕನ್ನಡದಲ್ಲಿ ಕೇಳಿದರೆ ಮಲೆಯಾಳದಲ್ಲಿ ಉತ್ತರ ಕೊಡುವವಳು, ಆವತ್ತು ಅಪ್ಪನ ಮುಂದೆ ಹೋಗಿ ಎರಡೂ ಭಾಷೆಯಲ್ಲಿ ಕೂಗಾಡಿದಳು.

ಕೊಚ್ಚಿಯ ಹೃದಯದ ಡಾಕ್ಟರು ಎಕೋ ತೆಗೆಸಿದರು. ಎದೆಗೆ ಜೆಲ್ಲು ಸವರಿ, ಪರದೆಯ ಮೇಲೆ ಹೃದಯ ಬಡಿಯುವುದನ್ನು ನೋಡುವ ಪರೀಕ್ಷೆ. ಅದಾದ ಮೇಲೆ ಡಾಕ್ಟರು ಕಾಗದ ಮುಂದಿಟ್ಟುಕೊಂಡು ಇಂಗ್ಲಿಷಿನಲ್ಲಿ ಒಂದೊಂದೇ ಪ್ರಶ್ನೆ ಕೇಳಿದರು. ಮಂದಾಕಿನಿ ಬಾಯಿ ತೆರೆಯುವ ಮೊದಲೇ ಓಂಕಾರಪ್ಪ ಹೇಳುತ್ತಿದ್ದ. ಸಾಲಕ್ಕೆ ಬಂದ ಗಿರಾಕಿಯ ಪರವಾಗಿ ಮೇಲಧಿಕಾರಿಗೆ ವರದಿ ಒಪ್ಪಿಸುವ ದನಿ ಅದು.

ಇವರು ಏನು ಕೆಲಸ ಮಾಡುತ್ತಾರೆ ಎಂದು ಡಾಕ್ಟರು ಕೇಳಿದರು.

"ಕೆಲಸ ಏನೂ ಇಲ್ಲ ಡಾಕ್ಟ್ರೇ. ಮನೇಲೇ ಇರ್ತಾಳೆ."

ಮೆಟ್ಟಿಲು ಹತ್ತಿದರೆ, ಭಾರ ಎತ್ತಿದರೆ ಉಸಿರು ಕಟ್ಟುತ್ತದೆಯೇ?

"ಅಂಥದ್ದೇನಿಲ್ಲ. ಮನೆ ಕೆಲಸ ಪೂರ್ತಿ ಇವಳೇ ಮಾಡ್ತಾಳೆ. ಆಳು ಕೂಡ ಇಟ್ಟಿಲ್ಲ."

ಎರಡು ಉತ್ತರಗಳ ನಡುವೆ ಒಂದು ನಿಮಿಷವೂ ಆಗಿರಲಿಲ್ಲ. ಓಂಕಾರಪ್ಪ ಸುಳ್ಳು ಹೇಳುವವನಲ್ಲ, ಎರಡನ್ನೂ ನಂಬಿ ಹೇಳಿದ್ದ. ಚಿಕ್ಕಂದಿನಲ್ಲಿ ಕೀಲು ಊದಿ ಜ್ವರ ಬಂದಿತ್ತೇ ಎಂಬುದಕ್ಕೂ ಇಲ್ಲ ಎಂದ. ಡಾಕ್ಟರು ಕನ್ನಡಕ ತೆಗೆದರು. ಪರದೆಯ ಮೇಲಿನ ಕವಾಟ ಒಂದು ಹೇಳುತ್ತಿದೆ, ನೀವು ಇನ್ನೊಂದು ಹೇಳುತ್ತಿದ್ದೀರಿ, ಎರಡು ಬಾಗಿಲಿನ ಆ ಕವಾಟ ಅಂಗಿಯ ಗುಂಡಿಯ ತೂತಿನಷ್ಟೇ ತೆರೆಯುತ್ತಿದೆ ಎಂದರು. ಆಪರೇಷನ್ ಬೇಕಾಗಬಹುದು, ಬೇಡವಾಗಲೂಬಹುದು. ತಿರುವನಂತಪುರದ ದೊಡ್ಡ ಆಸ್ಪತ್ರೆಗೆ ಬರೆದುಕೊಡುತ್ತೇನೆ, ಎಲ್ಲ ಪರೀಕ್ಷೆ ಮಾಡಿ ಅವರೇ ತೀರ್ಮಾನಿಸಲಿ ಎಂದರು. ಹೊರಗೆ ಬಂದ ಮೇಲೆ ಓಂಕಾರಪ್ಪನ ಕಿವಿಯಲ್ಲಿ ಉಳಿದದ್ದು ಬೇಡವಾಗಲೂಬಹುದು ಎಂಬುದೊಂದೇ. ಮಂದಾಕಿನಿಯ ತಲೆಯಲ್ಲಿ ಉಳಿದದ್ದು ಗುಂಡಿಯ ತೂತು. ಈಗಲಾದರೂ ಹೇಳಬೇಕು ಅಂದುಕೊಂಡಳು. ಹೇಳಿದರೆ ಸೂಜಿಯ ಕಥೆಯೂ ಹೊರಗೆ ಬರುತ್ತದೆ ಎಂದು ಸುಮ್ಮನಾದಳು. ಹೇಳದಿದ್ದರೆ ಪ್ರಾಣ ಹೋಗಬಹುದು ಎಂಬುದು ಗೊತ್ತಿದ್ದೂ ಸುಮ್ಮನಾದಳು.

ಫೆಬ್ರವರಿಯಲ್ಲಿ ಕರೆ ಬಂತು, ನಾಲ್ಕು ದಿನದ ಪರೀಕ್ಷೆ. ಹೊರಡುವ ಹಿಂದಿನ ಎರಡು ದಿನ ಅವಳು ಸ್ಟೂಲಿನ ಮೇಲೆ ಕೂತು ಮೂವತ್ತು ಒಣ ರೊಟ್ಟಿ ಬಡಿದಳು, ಶೇಂಗಾ ಚಟ್ನಿಪುಡಿ ಕುಟ್ಟಿದಳು, ಸಾರು ಕುದಿಸಿ ಡಬ್ಬಿಗಳಿಗೆ ತುಂಬಿ ಸೋಮವಾರ, ಮಂಗಳವಾರ ಎಂದು ಚೀಟಿ ಅಂಟಿಸಿ ಫ್ರಿಜ್ಜಿನಲ್ಲಿಟ್ಟಳು. ತನುಶ್ರೀಗೆ ಮಾರ್ಚಿನಲ್ಲಿ ಹನ್ನೆರಡನೇ ತರಗತಿಯ ಪರೀಕ್ಷೆ. ಹುಡುಗಿ ಒಲೆಯ ಮುಂದೆ ನಿಲ್ಲಬಾರದು. ಜೊತೆಗೆ ಮಲಗಲು ವಿನ್ಸೆಂಟಿನ ಹೆಂಡತಿ ಒಪ್ಪಿದ್ದಳು.

ತಿರುವನಂತಪುರದಲ್ಲಿ ಓಂಕಾರಪ್ಪ ತಂಪಾನೂರಿನ ಲಾಡ್ಜಿನಲ್ಲಿ ಉಳಿದ, ಮಂದಾಕಿನಿ ಹೆಂಗಸರ ವಾರ್ಡಿನಲ್ಲಿ. ಅವನು ಬೆಳಿಗ್ಗೆ ಬೇಗ ಬಂದು ಲೈನಿನಲ್ಲಿ ನಿಲ್ಲುತ್ತಿದ್ದ, ಫೈಲು ಹೊತ್ತು ಒಂದು ಕಟ್ಟಡದಿಂದ ಇನ್ನೊಂದಕ್ಕೆ ಓಡುತ್ತಿದ್ದ, ಫ್ಲಾಸ್ಕಿನಲ್ಲಿ ಗಂಜಿ ತಂದು ಕೊಡುತ್ತಿದ್ದ. ಎಂಥ ಗಂಡ ಎಂದು ವಾರ್ಡಿನ ಹೆಂಗಸರು ಅವಳ ಕಡೆ ನೋಡಿ ನಿಟ್ಟುಸಿರು ಬಿಡುತ್ತಿದ್ದರು. ಒಂದು ಫ್ಲಾಸ್ಕು ಗಂಜಿಗೆ ಸಿಕ್ಕ ಆ ಹೊಗಳಿಕೆಯನ್ನು ಕೇಳುತ್ತ ಮಂದಾಕಿನಿ ತನ್ನ ಇಪ್ಪತ್ತು ವರ್ಷದ ಬುತ್ತಿಗಳನ್ನು ನೆನೆದಳು.

ಮೊದಲು ಹಲ್ಲಿನವರ ಹತ್ತಿರ ಕಳಿಸಿದರು. ಹುಳುಕು ಹಲ್ಲಿನ ಕೀವು ರಕ್ತಕ್ಕಿಳಿದು ಮುಂದೆ ಹೊಸ ಕವಾಟ ಹಾಕಿದರೆ ಅದಕ್ಕೆ ಅಂಟಿಕೊಳ್ಳುತ್ತದಂತೆ. ಎರಡು ಹಲ್ಲು ಕಿತ್ತರು. ಆಮೇಲೆ ತೊಡೆಯ ಸಂದಿನಿಂದ ಕೊಳವೆ ಏರಿಸಿ ಹೃದಯದ ರಕ್ತನಾಳ ನೋಡಿದರು, ಆರು ಗಂಟೆ ಕಾಲು ಮಡಿಸುವಂತಿರಲಿಲ್ಲ. ಮದುವೆಯಾದ ಮೇಲೆ ಹಗಲು ಹೊತ್ತಿನಲ್ಲಿ ಆರು ಗಂಟೆ ಮಲಗಿದ್ದು ಅದೇ ಮೊದಲು. ಗಂಟಲಿನೊಳಗೆ ಬೆರಳುಗಾತ್ರದ ನಳಿಗೆ ಇಳಿಸಿ ಹೃದಯದ ಹಿಂಭಾಗ ನೋಡಿದರು. ಕಣ್ಣಲ್ಲಿ ನೀರು ಸುರಿಯಿತು, ಆದರೆ ಅವಳು ಕೈ ಅಲುಗಿಸಲಿಲ್ಲ. ಇಷ್ಟು ಸಹನೆ ಇರುವ ಪೇಷೆಂಟನ್ನು ನೋಡಿಲ್ಲ ಎಂದು ಅಲ್ಲಿನ ಡಾಕ್ಟರು ಹೇಳಿದರು.

ಮೂರನೇ ದಿನ ನಡಿಗೆಯ ಪರೀಕ್ಷೆ. ಉದ್ದದ ಕಾರಿಡಾರು, ಎರಡು ತುದಿಗೂ ಒಂದೊಂದು ಕುರ್ಚಿ. ಆರು ನಿಮಿಷ ಹೋಗಿಬಂದು ಮಾಡಬೇಕು, ಆಗದಿದ್ದರೆ ನಿಲ್ಲಬೇಕು, ಎಷ್ಟು ದೂರ ಎಂದು ಬರೆದುಕೊಳ್ಳುತ್ತಾರೆ. ಗಡಿಯಾರ ಹಿಡಿದ ಸಿಸ್ಟರ್ ಸುಮಿತ್ರ, ನಿಧಾನವಾಗಿ ನಡೆಯಿರಿ ಎಂದು ಮಲೆಯಾಳದಲ್ಲಿ ಎರಡು ಸಲ ಹೇಳಿದಳು. ಗಂಡಸರನ್ನು ಒಳಗೆ ಬಿಟ್ಟಿರಲಿಲ್ಲ.

ಮಂದಾಕಿನಿ ಸೆರಗು ಸೊಂಟಕ್ಕೆ ಸಿಕ್ಕಿಸಿದಳು, ನಡೆದಳು. ಪರೀಕ್ಷೆ ಎಂದ ಮೇಲೆ ಪಾಸಾಗಬೇಕು ಎಂಬುದೊಂದೇ ಅವಳಿಗೆ ಗೊತ್ತಿದ್ದದ್ದು. ಸೋತರೆ ಮಾತ್ರ ಕಾಯಿಲೆ ಕಾಣುತ್ತದೆ, ಕಾಯಿಲೆ ಕಾಣಲೆಂದೇ ಇಲ್ಲಿಗೆ ಬಂದಿರುವುದು ಎಂದು ಹೊಳೆಯಲೇ ಇಲ್ಲ. ಬಾಯಿ ತೆರೆದರೆ ಏದುಸಿರು ಗೊತ್ತಾಗುತ್ತದೆ ಎಂದು ತುಟಿ ಬಿಗಿಹಿಡಿದು, ಗಂಡನ ಎಂಟರ ಪ್ಯಾಸೆಂಜರು ತಪ್ಪುವ ಹಾಗಿದ್ದಾಗ ಬುತ್ತಿ ಹಿಡಿದು ಗೇಟಿನ ತನಕ ಹೋಗುತ್ತಾಳಲ್ಲ, ಆ ನಡಿಗೆ ನಡೆದಳು. ನಾಲ್ಕನೇ ನಿಮಿಷಕ್ಕೆ ಸುಮಿತ್ರ ಅಡ್ಡ ಬಂದು ಭುಜ ಹಿಡಿದು ಕುರ್ಚಿಯಲ್ಲಿ ಕೂರಿಸಿದಳು. ಬೆರಳ ತುದಿಗೆ ಯಂತ್ರ ಸಿಕ್ಕಿಸಿ ನೋಡಿದಳು, ಆಮೇಲೆ ಮುಖ ನೋಡಿದಳು.

"ಚೇಚಿ, ನಿಮ್ಮ ತುಟಿ ನೀಲಿಗಟ್ಟಿದೆ. ಉಸಿರು ಕಟ್ಟೋದಿಲ್ಲ ಅಂತ ಫೈಲಿನಲ್ಲಿ ಬರೆದಿದೆ. ಯಾರಿಗೆ ಕಾಣಬಾರದು ಅಂತ ಹೀಗೆ ನಡೀತೀರಿ?"

ವರ್ಗವಾಗಿ ಕೇರಳಕ್ಕೆ ಬಂದ ನಾಲ್ಕು ವರ್ಷದಲ್ಲಿ ಓಂಕಾರಪ್ಪ ಆಟೋದವನಿಗೆ ಹೇಳುವಷ್ಟು ಮಲೆಯಾಳ ಕಲಿತಿದ್ದ. ಮಂದಾಕಿನಿ ತರಕಾರಿಯವಳಿಂದ, ಹಾಲಿನವನಿಂದ, ವಿನ್ಸೆಂಟಿನ ಹೆಂಡತಿಯಿಂದ ಜಗಳವಾಡುವಷ್ಟು ಕಲಿತಿದ್ದಳು. ಆ ಭಾಷೆಯಲ್ಲಿ ಅವಳಿಗೆ ಅತ್ತೆ ಇರಲಿಲ್ಲ, ಅವ್ವ ಇರಲಿಲ್ಲ. ಉಸಿರು ಹತೋಟಿಗೆ ಬರುವ ತನಕ ಕಾದು, ಹೇಳಿದಳು. ಬಟ್ಟೆಯ ಬಕೆಟ್ಟು, ಗಿಡದ ಕುಂಡ, ಸ್ಟೂಲು, ಮಿಕ್ಸಿಯ ಸದ್ದು, ಮೂರು ದಿಂಬು. ಹಾಲಪ್ಪನ ಸೂಜಿ, ಒಲೆಗೆ ಹೋದ ಚೀಟಿ. ಸುಮಿತ್ರ ಎಲ್ಲವನ್ನೂ ನಿಂತೇ ಬರೆದುಕೊಂಡಳು, ಅಯ್ಯೋ ಎನ್ನಲಿಲ್ಲ. ಕೊನೆಗೆ, ನಿಮ್ಮ ಥರದವರು ಈ ವಾರ್ಡಿನಲ್ಲಿ ತುಂಬ ಜನ ಇದ್ದಾರೆ, ಒಬ್ಬೊಬ್ಬರದು ಒಂದೊಂದು ಉಪಾಯ ಎಂದಳು.

ಮಧ್ಯಾಹ್ನ ದೊಡ್ಡ ಡಾಕ್ಟರು ಇಬ್ಬರನ್ನೂ ಕೂರಿಸಿ ಹೇಳಿದರು. ಕವಾಟ ಕಲ್ಲುಗಟ್ಟಿದೆ, ಬಲೂನಿನಿಂದ ಅಗಲ ಮಾಡುವ ಹಂತ ದಾಟಿದೆ, ಎದೆ ತೆರೆದು ಹೊಸದನ್ನೇ ಕೂರಿಸಬೇಕು. ಹೃದಯದ ಬಡಿತ ಆಗಲೇ ತಾಳ ತಪ್ಪುತ್ತಿದೆ. ಹಾಗಾದಾಗ ಒಳಗೆ ರಕ್ತ ಹೆಪ್ಪುಗಟ್ಟುತ್ತದೆ, ಹೆಪ್ಪು ಮೆದುಳಿಗೆ ಹೋದರೆ ಪಾರ್ಶ್ವವಾಯು. ಮಾರ್ಚ್ ಹದಿನಾಲ್ಕು ಖಾಲಿ ಇದೆ, ನಾಳೆ ಬೆಳಿಗ್ಗೆ ರೌಂಡ್ಸಿಗೆ ಬಂದಾಗ ಹೇಳಿ ಎಂದರು. ಎದ್ದು ಹೋಗುವಾಗ, ಚಿಕ್ಕಂದಿನ ಆ ಸೂಜಿ ನಿಲ್ಲಿಸದೆ ಇದ್ದಿದ್ದರೆ ಬಹುಶಃ ಇಷ್ಟು ಆಗುತ್ತಿರಲಿಲ್ಲ ಎಂಬ ಒಂದು ಮಾತನ್ನೂ ಸೇರಿಸಿದರು.

ಓಂಕಾರಪ್ಪ ಫೈಲು ಬಿಡಿಸಿ ಸುಮಿತ್ರ ಬರೆದದ್ದನ್ನು ಓದಿದ. ಕ್ಯಾಂಟೀನಿನ ಕಲ್ಲುಬೆಂಚಿನ ಮೇಲೆ ಕೂತು ಇನ್ನೊಂದು ಸಲ ಓದಿದ.

"ಇದೆಲ್ಲ ಯಾವಾಗಿಂದು?"

"ಹನ್ನೊಂದು ವರ್ಷದವಳಿದ್ದಾಗಿಂದು. ಹೇಳಬ್ಯಾಡ ಅಂತ ನಮ್ಮವ್ವ ಅಂದಿದ್ಲು."

"ಇಪ್ಪತ್ತು ವರ್ಷಾನೂ ನಿಮ್ಮವ್ವ ಬಂದು ಬಂದು ಹೇಳಬ್ಯಾಡ ಅಂತಿದ್ಲೇನು?"

"ಮೊದಲನೇ ವರ್ಷ ಅವಳು. ಆಮೇಲೆ ನಾನೇ."

"ನನಗೆ ಆಗಲೇ ಗೊತ್ತಿದ್ರೆ..." ಎಂದು ನಿಲ್ಲಿಸಿದ.

"ಮದುವೆ ಆಗ್ತಿರಲಿಲ್ಲ," ಎಂದಳು ಮಂದಾಕಿನಿ.

ಅವನು ಅಲ್ಲ ಎನ್ನಲಿಲ್ಲ. ಫೈಲು ಮುಚ್ಚಿ, ಡಾಕ್ಟರ ಮುಂದೆ ನನ್ನನ್ನು ಸುಳ್ಳುಗಾರನನ್ನಾಗಿ ಮಾಡಿದೆ ಎಂದ. ಅವನಿಗೆ ಹೆಚ್ಚು ನೋವಾದದ್ದು ಅದೇ ಎಂದು ಅವಳಿಗೆ ಕಂಡಿತು. ಗುಂಡಿಯ ತೂತು ಆಮೇಲೆ.

ಸಂಜೆಯ ಹೊತ್ತಿಗೆ ಸಿಟ್ಟು ಇಳಿದು ಯೋಜನೆ ಶುರುವಾಯಿತು. ಮಾರ್ಚ್ ಎಂದರೆ ಬ್ಯಾಂಕಿನ ಇಯರ್ ಎಂಡಿಂಗ್, ಸತ್ತರೂ ರಜೆ ಸಿಗುವುದಿಲ್ಲ. ಮೇ ತಿಂಗಳಿಗೆ ಹಾಕಿಸೋಣ ಎಂದ. ಅಷ್ಟರಲ್ಲಿ ತನುಶ್ರೀಯ ಪರೀಕ್ಷೆಯೂ ಮುಗಿದಿರುತ್ತದೆ, ಅವಳೇ ಆಸ್ಪತ್ರೆಯಲ್ಲಿ ಜೊತೆಗಿರುತ್ತಾಳೆ, ಆಮೇಲೆ ಮೂರು ತಿಂಗಳು ಭಾರ ಎತ್ತುವಂತಿಲ್ಲವಂತೆ, ಮನೆಯನ್ನೂ ನೋಡಿಕೊಳ್ಳುತ್ತಾಳೆ. ಮೇ ತನಕ ಹೆಪ್ಪು ಕಾಯುತ್ತದೆಯೇ ಎಂದು ಅವಳು ಕೇಳಿದಳು. ಇಷ್ಟು ವರ್ಷ ಕಾದಿಲ್ಲವೇ ಎಂದ. ಅವಳು ಮುಖ ತಿರುಗಿಸಿದ್ದು ಕಂಡು ಮೆತ್ತಗಾಗಿ ಇನ್ನೊಂದು ದಾರಿ ಹೇಳಿದ.

"ಮಾರ್ಚೇ ಆಗಬೇಕು ಅಂದ್ರೆ ತನು ಪರೀಕ್ಷೆ ಮುಂದಿನ ವರ್ಷ ಬರೀಲಿ ಬಿಡು. ಹೆಣ್ಣುಹುಡುಗಿ, ಒಂದು ವರ್ಷ ಹೋದ್ರೆ ಏನಾಗ್ತದೆ. ತಾಯಿಗಿಂತ ಹೆಚ್ಚೇನು?"

"ನಿಮ್ಮ ಬ್ಯಾಂಕಿಗೂ ಮುಂದಿನ ವರ್ಷ ಇನ್ನೊಂದು ಮಾರ್ಚ್ ಬರ್ತದಲ್ರೀ."

"ಹೆಂಗಸರ ವಾರ್ಡಿನಲ್ಲಿ ರಾತ್ರಿ ಗಂಡಸರು ಇರೋ ಹಾಗಿಲ್ಲ," ಎಂದು ಅವನು ಗೋಡೆಯ ಬೋರ್ಡು ತೋರಿಸಿದ. ಬೋರ್ಡು ನಿಜವೇ. ಅದು ಮಲೆಯಾಳದಲ್ಲಿತ್ತು. ನಾಲ್ಕು ವರ್ಷದಲ್ಲಿ ಅವನು ಕಷ್ಟಪಟ್ಟು ಓದಿಸಿಕೊಂಡು ತಿಳಿದುಕೊಂಡ ಬೋರ್ಡು ಅದೊಂದೇ ಇರಬೇಕು.

ಬೆಳಿಗ್ಗೆ ರೌಂಡ್ಸಿನಲ್ಲಿ ಡಾಕ್ಟರು ಓಂಕಾರಪ್ಪನ ಕಡೆ ತಿರುಗಿ ಏನು ತೀರ್ಮಾನ ಎಂದು ಇಂಗ್ಲಿಷಿನಲ್ಲಿ ಕೇಳಿದರು. ಅವನು ಗಂಟಲು ಸರಿಮಾಡಿಕೊಂಡು ಮೇ ಎನ್ನುವಷ್ಟರಲ್ಲಿ, ಮಂಚದ ಮೇಲಿಂದ ಮಂದಾಕಿನಿ ಮಲೆಯಾಳದಲ್ಲಿ, ಹದಿನಾಲ್ಕನೇ ತಾರೀಖು ಬರುತ್ತೇನೆ, ನನ್ನ ಹೆಸರು ಬರೆದುಕೊಳ್ಳಿ ಎಂದಳು. ಡಾಕ್ಟರು ಅವಳನ್ನೇ ನೋಡಿದರು. ಇವರಿಗೆ ಮಾತು ಬರುತ್ತದೆ ಎಂಬುದು ಅವರಿಗೂ ಈಗ ಗೊತ್ತಾದ ಹಾಗಿತ್ತು. ಬರೆದುಕೊಂಡರು. ಜೊತೆಗಿರುವ ಹೆಂಗಸಿನ ಹೆಸರು ಇವತ್ತೇ ಫಾರಂನಲ್ಲಿ ತುಂಬಬೇಕು, ಅದಿಲ್ಲದೆ ಅಡ್ಮಿಷನ್ ಇಲ್ಲ ಎಂದು ಸುಮಿತ್ರ ಕಾಗದ ಕೊಟ್ಟು ಹೋದಳು. ನೀನೇ ಹೇಳಿದೆ, ನೀನೇ ಹುಡುಕಿಕೋ ಎಂದು ಓಂಕಾರಪ್ಪ ಕಿಟಕಿಯ ಹತ್ತಿರ ಹೋಗಿ ನಿಂತ. ಊರಲ್ಲಿ ಅವ್ವ ಇಲ್ಲ, ಅತ್ತೆ ಮಂಚ ಹಿಡಿದಿದ್ದಳು, ತಮ್ಮನ ಹೆಂಡತಿಗೆ ಮನೆ ಬಿಟ್ಟು ಬರುವ ಹಾಗಿಲ್ಲ. ಹೆಂಗಸರ ಹೆಸರುಗಳನ್ನು ಮಂದಾಕಿನಿ ಒಂದೊಂದಾಗಿ ನೆನೆದು ಬಿಟ್ಟಳು. ಪ್ರತಿಯೊಬ್ಬಳ ಹಿಂದೆಯೂ ಒಂದು ಅಡುಗೆಮನೆ ನಿಂತಿತ್ತು.

ಕಸ ಗುಡಿಸುವವಳು ದಾರಿ ತೋರಿಸಿದಳು. ಒಂಬತ್ತನೇ ಮಂಚದ ಕೆಳಗೆ ಚಾಪೆ ಹಾಸಿಕೊಂಡು ಇರುವ ರಾಜಲಕ್ಷ್ಮಿ ಆ ಮಂಚದ ಅಜ್ಜಿಯ ಕಡೆಯವಳಲ್ಲವಂತೆ. ಯಾರೂ ಇಲ್ಲದ ರೋಗಿಗಳ ಜೊತೆ ದಿನಗೂಲಿಗೆ ಇರುವವಳು. ನೆಯ್ಯಾಟಿಂಕರೆಯ ಆಚೆ ಊರು. ಕರೆದರೆ ಬಂದಳು, ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ. ನಲವತ್ತಾಗಿರಲಿಕ್ಕಿಲ್ಲ, ಮುಖಕ್ಕೆ ಐವತ್ತಾಗಿತ್ತು. ಎದೆ ಕೊಯ್ದವರನ್ನು ಹೇಗೆ ಎಬ್ಬಿಸಬೇಕು, ಕೆಮ್ಮುವಾಗ ದಿಂಬನ್ನು ಎಲ್ಲಿ ಒತ್ತಿಹಿಡಿಯಬೇಕು, ಗಂಜಿ ಎಷ್ಟು ತೆಳುವಿರಬೇಕು ಎಲ್ಲ ಅವಳಿಗೆ ಬಾಯಿಪಾಠ. ಹದಿನಾಲ್ಕಕ್ಕೆ ಬಿಡುವಾಗುತ್ತದೆ, ಹತ್ತು ದಿನವೋ ಹದಿನೈದು ದಿನವೋ ಇರುತ್ತೇನೆ ಎಂದಳು.

ಅಷ್ಟು ದಿನ ನಿಮ್ಮ ಮನೆಯಲ್ಲಿ ಯಾರು ಎಂದು ಮಂದಾಕಿನಿ ಕೇಳಿದಳು. ಕೇಳದೆ ಇದ್ದಿದ್ದರೆ ಚೆನ್ನಾಗಿತ್ತು ಎಂದು ಕೇಳಿದ ಮೇಲೆ ಅನ್ನಿಸಿತು.

"ಮಗಳಿದ್ದಾಳೆ ಚೇಚಿ. ಅಡುಗೆ, ಮನೇಲಿರೋ ಮುದುಕಿ, ಅವರಪ್ಪ, ಎಲ್ಲ ನೋಡ್ಕೊಳ್ಳೋದು ಅವಳೇ. ಹತ್ತನೇ ಕ್ಲಾಸು, ಈ ಮಾರ್ಚಿಗೆ ಪರೀಕ್ಷೆ ಇತ್ತು. ಎರಡೂ ಆಗಲ್ಲ ಅಂತ ಬಿಡಿಸಿಬಿಟ್ಟೆ. ನಿಮಗೆ ಹೆಣ್ಣುಮಕ್ಕಳಿಲ್ಲವೆ?"

"ಒಬ್ಬಳಿದ್ದಾಳೆ. ಓದ್ತಾಳೆ."

"ಓದಲಿ," ಎಂದಳು ರಾಜಲಕ್ಷ್ಮಿ. ಅದರಲ್ಲಿ ಚುಚ್ಚುಮಾತು ಇತ್ತೇ ಎಂದು ಮಂದಾಕಿನಿ ಅವಳ ಮುಖ ಹುಡುಕಿದಳು. ಇರಲಿಲ್ಲ. ಇದ್ದಿದ್ದರೆ ಫಾರಂ ತುಂಬುವುದು ಸುಲಭವಾಗುತ್ತಿತ್ತು. ಪೆನ್ನು ತೆಗೆದುಕೊಂಡು ಆ ಜಾಗದಲ್ಲಿ ರಾಜಲಕ್ಷ್ಮಿ ಎಂದು ಬರೆದಳು.

ಕಿಟಕಿಯಿಂದ ಓಂಕಾರಪ್ಪ ಬಂದ. ವ್ಯವಸ್ಥೆಯಾಯಿತು ಎಂದು ತಿಳಿದು ಅವನ ಮುಖ ಹಗುರಾಗಿತ್ತು. ಇಬ್ಬರು ಹೆಂಗಸರನ್ನೂ ನೋಡಿ, ಆಮೇಲಿನ ಮೂರು ತಿಂಗಳಿಗೂ ಈಕೆ ಆಲುವಕ್ಕೆ ಬಂದು ಅಡುಗೆಗೆ ನಿಲ್ಲುತ್ತಾಳೇನು ಕೇಳು ಎಂದ. ಮಂದಾಕಿನಿ ಕೇಳಿದಳು. ತನಗೆ ಆಸ್ಪತ್ರೆ ಬಿಡಲಾಗುವುದಿಲ್ಲ, ಬೇಕಾದರೆ ಮಗಳನ್ನೇ ಕಳಿಸುತ್ತೇನೆ, ಹದಿನೈದು ತುಂಬಿದೆ, ಹೇಗೂ ಸ್ಕೂಲು ಬಿಟ್ಟಾಯಿತಲ್ಲ ಎಂದು ರಾಜಲಕ್ಷ್ಮಿ ಮಲೆಯಾಳದಲ್ಲಿ ಹೇಳಿದಳು. ದೊಡ್ಡ ಮನೆಯಲ್ಲಿದ್ದರೆ ಊಟಕ್ಕಾದರೂ ತೊಂದರೆಯಿಲ್ಲ ಎಂದೂ ಸೇರಿಸಿದಳು.

"ಏನಂತೆ?" ಎಂದ ಓಂಕಾರಪ್ಪ.

"ಆಗೋದಿಲ್ಲಂತೆ," ಎಂದಳು ಮಂದಾಕಿನಿ.

"ಬೇರೆ ಯಾರೂ ಇಲ್ವಂತಾ ಅವಳ ಕಡೆ?"

"ಯಾರೂ ಇಲ್ಲಂತೆ."

"ಮತ್ತೆ ಮೂರು ತಿಂಗಳು ಏನ್ ಮಾಡೋದು?" ಎಂದು ಅವನು ಕೇಳಿದ. ನಿಜವಾಗಿಯೂ ತಿಳಿಯದೆ ಕೇಳುತ್ತಿದ್ದ. ಮಂದಾಕಿನಿ ಫಾರಂ ಮಡಿಸಿ, ಸುಮಿತ್ರಳ ಮೇಜಿನ ತನಕ ನಿಧಾನವಾಗಿ, ನಡುವೆ ಎರಡು ಸಲ ನಿಂತು ಸುಧಾರಿಸಿಕೊಂಡು, ಎಲ್ಲರೂ ನೋಡುತ್ತಿರುವಂತೆಯೇ ನಡೆದುಹೋದಳು.